ನೂರು ವರ್ಷಕ್ಕೆ ಎರಡು ಲೀಟರ್ ಹಾಲು

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದ ಹಿರಿಯರು ‘ಕುರ್ಚಿ ಮಾಡಿಸಿ ನೋಡು’ ಎಂಬುದನ್ನು ಯಾಕೆ ಸೇರಿಸಲಿಲ್ಲವೋ ನನಗೆ ಬಹಳ ದಿನ ಹೊಳೆದಿರಲಿಲ್ಲ. ಈಗ ಹೊಳೆದಿದೆ. ಆ ಗಾದೆ ಕಟ್ಟಿದವರ ಮನೆಯಲ್ಲಿ ಕುರ್ಚಿ ಮೊದಲೇ ಇತ್ತು.

ನಾನು ಭೀಮರಾಜ್, ಅರಸೀಕೆರೆಯ ಒಂದು ಸರ್ಕಾರಿ ಕಚೇರಿಯಲ್ಲಿ ದ್ವಿತೀಯ ದರ್ಜೆ ಗುಮಾಸ್ತ. ತೊಂಬತ್ತೆಂಟನೇ ಇಸವಿಯಲ್ಲಿ ಊರಾಚೆಯ ಹೊಸ ಬಡಾವಣೆಯಲ್ಲಿ ಒಂದು ತಾರಸಿ ಮನೆ ಕಟ್ಟಿಸಿದೆ. ಬುದ್ಧವಂದನೆ ಮಾಡಿಸಿ, ಗೋಡೆಗೆ ಬಾಬಾಸಾಹೇಬರ ಫೋಟೊ ಹಾಕಿ, ಜಾವಗಲ್ ಪಕ್ಕದ ನಮ್ಮ ಹಳ್ಳಿಯ ಕೇರಿಯಿಂದ ಅಪ್ಪನನ್ನು ಕರೆತಂದೆ. ಅಪ್ಪನ ಹೆಸರು ಸಣ್ಣಯ್ಯ, ವಯಸ್ಸು ಎಪ್ಪತ್ತರ ಮೇಲೆ. ಅಪ್ಪ ಮನೆಯೊಳಗೆಲ್ಲ ಓಡಾಡಿ, ಸ್ವಿಚ್ಚುಗಳನ್ನು ಒತ್ತಿ ನೋಡಿ, ಕಡೆಗೆ ಮುಂಬಾಗಿಲ ಮೆಟ್ಟಿಲ ಮೇಲೆ ಕೂತ. ಅದೇ ಅವನ ಖಾಯಂ ಜಾಗವಾಯಿತು. ನಾನು ನಾಲ್ಕು ಪ್ಲಾಸ್ಟಿಕ್ ಕುರ್ಚಿ ತಂದೆ. “ಅವು ನಡುಗ್ತವೆ ಕಣ್ಲಾ, ನನ್ನ ಕಂಡ್ರೆ ಭಯ ಅವಕ್ಕೆ” ಎಂದ. ನಮ್ಮ ಮನೆಯಲ್ಲಿ ಕುರ್ಚಿಯ ಮೇಲೆ ನಿರಾಳವಾಗಿ ಕೂತವರೆಂದರೆ ಫೋಟೊದಲ್ಲಿದ್ದ ಬಾಬಾಸಾಹೇಬರೊಬ್ಬರೇ. ಅಪ್ಪ ಒಂದು ದಿನವಾದರೂ ಬೆನ್ನು ಆನಿಸಿ ಕುರ್ಚಿಯಲ್ಲಿ ಕೂರಬೇಕು, ಅದನ್ನು ನಾನು ಕಣ್ತುಂಬ ನೋಡಬೇಕು ಎಂಬುದು ನನ್ನ ಆಸೆ. ಆಸೆ ಅಷ್ಟಕ್ಕೇ ನಿಂತಿದ್ದರೆ ಒಂದು ಗಟ್ಟಿ ಬೆಂಚು ತಂದು ಸುಖವಾಗಿರುತ್ತಿದ್ದೆವು.

ಆದರೆ ಪಕ್ಕದ ಮನೆಯ ಉಷಾರಾಣಿಯವರು ಮನೆ ನೋಡಲು ಬಂದರು. ತೆಂಗಿನಕಾಯಿ ವ್ಯಾಪಾರದ ಮನೆತನದವರು, ಮಠದ ಭಕ್ತರು, ಮಾತು ಬಲು ಮೆದು. ಅಡಿಗೆಮನೆ ನೋಡಿದರು, ಟಿವಿ ನೋಡಿದರು, ನೆಲದ ಟೈಲ್ಸನ್ನು ಹೆಬ್ಬೆರಳಲ್ಲಿ ಒತ್ತಿ ನೋಡಿದರು. ಆಮೇಲೆ ನನ್ನ ಹೆಂಡತಿಗೆ ಹೇಳಿದರು:

“ತುಂಬಾ ಚೆನ್ನಾಗಿದೆ ಮೀನಾಕ್ಷಿ. ಎಲ್ಲಾ ಹೊಸದೇ ಅಲ್ವಾ? ಹಳೇದು ಅಂತ ಒಂದೂ ಇಲ್ಲ ನಿಮ್ಮನೇಲಿ.”

ಅಷ್ಟೇ. ಕಾಫಿ ಕುಡಿಯದೆ, ಅಂದರೆ ‘ಈಗ ತಾನೇ ಕುಡಿದು ಬಂದೆ’ ಎಂದು ಹೇಳಿ ಹೋದರು. ಅವರ ಮನೆಯಲ್ಲಿ ಮುತ್ತಾತನ ಗಡಿಯಾರ, ಅಜ್ಜಿಯ ತೊಟ್ಟಿಲು, ಯಾರದೋ ಕೊಡೆ ಎಲ್ಲ ಇದ್ದವು. ನಮ್ಮಲ್ಲಿ ಹಳೆಯದೆಂದರೆ ಅಪ್ಪ ಮಾತ್ರ. ಅವನು ಮೆಟ್ಟಿಲ ಮೇಲಿದ್ದುದರಿಂದ ಅವರ ಗಮನಕ್ಕೆ ಬಂದಿರಲಾರದು.

ನನಗೆ ರಾತ್ರಿ ಊಟ ಸೇರಲಿಲ್ಲ. ಸರ್ಕಾರ ಮೀಸಲಾತಿ ಕೊಟ್ಟಿತು, ಬ್ಯಾಂಕು ಸಾಲ ಕೊಟ್ಟಿತು, ಹಳೆಯದನ್ನು ಕೊಡುವ ಇಲಾಖೆ ಮಾತ್ರ ಎಲ್ಲೂ ಇಲ್ಲ. ಆಗ ನಮ್ಮ ಕಚೇರಿಯ ಜವಾನ ಕಿವಿಯಲ್ಲಿ ಉಸುರಿದ: “ಹಳೇಬೀಡಲ್ಲಿ ಒಬ್ಬ ಆಚಾರಿ ಅವ್ನೆ ಸಾರ್. ಹೊಸ ಮರಕ್ಕೆ ವಯಸ್ಸು ಬರಿಸ್ತಾನೆ.”

*

ಕಾಳಾಚಾರಿಯ ಕೊಟ್ಟಿಗೆ ಹಳೇಬೀಡಿನ ಒಂದು ಹಿಂಬೀದಿಯಲ್ಲಿತ್ತು. ಒಳಗೆ ಹೋದರೆ ನಾಲ್ಕು ದಿನದ ಹಿಂದೆ ಹುಟ್ಟಿದ ಇನ್ನೂರು ವರ್ಷದ ಪೆಟ್ಟಿಗೆಗಳು, ಬಾಗಿಲುವಾಡಗಳು, ಮಣೆಗಳು. ಪ್ರವಾಸಿಗಳಿಗೆ ಮಾರುವ ಅಂಗಡಿಗಳಿಗೆ ಇವೆಲ್ಲ ಇಲ್ಲಿಂದಲೇ ಹೋಗುತ್ತಿದ್ದವು.

“ಎಷ್ಟು ವರ್ಷ ಬೇಕು ಸ್ವಾಮಿ?” ಎಂದ ಆಚಾರಿ, ಪೇಟೆಯಲ್ಲಿ ಎಷ್ಟು ಸೇರು ಬೇಕು ಎಂದು ಕೇಳುವ ದನಿಯಲ್ಲಿ.

“ಒಂದು ನೂರು ಇರಲಿ” ಎಂದೆ.

“ಹಂಗಾದ್ರೆ ಎರಡು ಲೀಟರ್ ಹಾಲು ತರಬೇಕು. ಐವತ್ತು ವರ್ಷಕ್ಕೆ ಒಂದು ಲೀಟರು, ನೂರಕ್ಕೆ ಎರಡು. ಅದರ ಮೇಲೆ ಬೇಡ, ನೂರೈವತ್ತಾದ್ರೆ ವಾಸನೆ ಬತ್ತದೆ. ಪ್ಯಾಕೆಟ್ ಹಾಲು ಆಗಕಿಲ್ಲ, ಕರೆದ ಹಾಲೇ ಬೇಕು.”

ಹಾಲಿಗೆ ನಿಂಬೆಹಣ್ಣು ಹಿಂಡಿ ಒಡೆಸಿ, ಬಟ್ಟೆಯಲ್ಲಿ ಸೋಸಿ, ಆ ಗಿಣ್ಣಿನಂಥದ್ದಕ್ಕೆ ಅರಳಿದ ಸುಣ್ಣ ಸೇರಿಸಿ ಅರೆದರೆ ಅದು ಬಣ್ಣ ಹಿಡಿಯುವ ಅಂಟಾಗುತ್ತದಂತೆ. ಮೊದಲು ಕಾವಿ ಬೆರೆಸಿ ಒಂದು ಕೈ. ಒಣಗಿದ ಮೇಲೆ ಅಂಚುಗಳಿಗೆ ಮೇಣದ ಬತ್ತಿ ಉಜ್ಜಿ, ಮೇಲೆ ಕಾಡಿಗೆ ಬೆರೆಸಿದ್ದು ಇನ್ನೊಂದು ಕೈ. ಆಮೇಲೆ ಉಪ್ಪುಕಾಗದದಲ್ಲಿ ತಿಕ್ಕಿದರೆ ಮೇಣ ಇದ್ದ ಕಡೆಯೆಲ್ಲ ಮೇಲಿನ ಬಣ್ಣ ಎದ್ದು ಬಂದು, ಮೂರು ತಲೆಮಾರು ಕೂತು ಸವೆಸಿದ ಹಾಗೆ ಕಾಣುತ್ತದೆ. ಕಡೆಗೆ ಸೈಕಲ್ ಚೈನಿನಲ್ಲಿ ನಾಲ್ಕು ಬಾರಿಸಿ, ಕೊಬ್ಬರಿ ಎಣ್ಣೆ ಒರೆಸಿದರೆ ಆಯಿತು. ನಾವು ಮೂರು ತಲೆಮಾರು ಕಾಯುವುದು ಹದಿನೈದು ದಿನಕ್ಕೆ ಇಳಿಯುವುದಾದರೆ ಎರಡು ಲೀಟರ್ ಹಾಲು ದುಬಾರಿಯಲ್ಲ ಎನಿಸಿತು.

“ಯಾವ ಥರದ್ದು ಬೇಕು?” ಎಂದ.

ಇಲ್ಲಿ ನಾನು ತೊದಲಿದೆ. ನಾನು ಜೀವಮಾನದಲ್ಲಿ ನೆಟ್ಟಗೆ ನೋಡಿದ್ದ ಹಳೆಯ ಕುರ್ಚಿ ಒಂದೇ. ನಮ್ಮೂರಿನ ಪಟೇಲ ಕರಿಬಸವಯ್ಯನವರದು. ಅದನ್ನೂ ಅಂಗಳದಾಚೆ ನಿಂತು ನೋಡಿದ್ದು. ಪಟೇಲರು ಕಣಕ್ಕೆ ಹೋಗುವಾಗ ಆ ಕುರ್ಚಿಯನ್ನು ತಲೆಯ ಮೇಲೆ ಹೊತ್ತು ಹಿಂದೆ ನಡೆಯುವುದು ಅಪ್ಪನ ಕೆಲಸ. ವಾಪಸು ತಂದಿಟ್ಟ ಮೇಲೆ ಪಟೇಲರ ಮನೆಯವರು ಅದಕ್ಕೆ ನೀರು ಚಿಮುಕಿಸಿ ಒಳಗೆ ಒಯ್ಯುತ್ತಿದ್ದರು. ಬೇರೆ ಕುರ್ಚಿ ನೆನಪಿಗೆ ಬರಲೇ ಇಲ್ಲ. ಹಾಗಾಗಿ ಅದನ್ನೇ ಹೇಳಿದೆ: ಎತ್ತರದ ಬೆನ್ನು, ಕೈಗಳ ತುದಿಯಲ್ಲಿ ಸುತ್ತಿಕೊಂಡ ಆನೆ ಸೊಂಡಿಲು.

ಆಚಾರಿ ಅಳತೆ ಪಟ್ಟಿ ಮಡಿಚಿಟ್ಟ. “ಗೊತ್ತು ಬಿಡಿ” ಎಂದ. ಹೇಗೆ ಗೊತ್ತು ಎಂದು ಕೇಳುವ ಬುದ್ಧಿ ನನಗೆ ಬರಲಿಲ್ಲ.

“ನಿಮ್ಮ ತಾತ ಕೂತಾಗ ಕೈ ಎಲ್ಲಿಡ್ತಿದ್ರು? ಸವೆತ ಅಲ್ಲಿ ಬರಬೇಕು.”

ನಮ್ಮ ತಾತ ಕೂರುತ್ತಿದ್ದುದು ನೆಲದ ಮೇಲೆ, ಕೈ ಇರುತ್ತಿದ್ದುದು ಎದೆಯ ಮೇಲೆ ಕಟ್ಟಿಕೊಂಡು. ಅದನ್ನು ಹೇಳಿದರೆ ಕುರ್ಚಿಯೇ ಬೇಕಿಲ್ಲ. “ಬಲಗೈಯಲ್ಲಿ ಮುದ್ರೆಯುಂಗುರ ಇತ್ತು. ಕೋಪ ಬಂದಾಗ ಸೊಂಡಿಲ ಮೇಲೆ ಕುಟ್ಟುತ್ತಿದ್ದರು” ಎಂದೆ, ಪಟೇಲರನ್ನು ನೆನೆದುಕೊಂಡು.

“ಭಾಳ ಕೋಪಿಷ್ಠರೋ?”

“ಭಾಳ.”

“ಹಂಗಾದ್ರೆ ಹದಿನೈದಿಪ್ಪತ್ತು ಗುಳಿ ಹಾಕ್ತೀನಿ.”

ಹೊರಡುವಾಗ ಆಚಾರಿ ಎಚ್ಚರ ಹೇಳಿದ. “ಮನೆಗೆ ತಂದ ಮೇಲೆ ಒಂದು ತಿಂಗಳು ಯಾರೂ ಕೂರಬೇಡಿ ಸ್ವಾಮಿ. ಹಾಲು ಹದಕ್ಕೆ ಬರಬೇಕು.”

*

ಕುರ್ಚಿ ಬಂದ ದಿನ ಅಪ್ಪ ಮೆಟ್ಟಿಲ ಮೇಲೆ ಕೂತಿದ್ದ. ಆಟೋದಿಂದ ಅದನ್ನು ಇಳಿಸುತ್ತಿದ್ದಂತೆ ದಡಕ್ಕನೆ ಎದ್ದು ನಿಂತ. ಹೆಗಲ ಮೇಲಿನ ಟವಲು ತಾನಾಗಿ ಕಂಕುಳಿಗೆ ಹೋಯಿತು.

“ಬುದ್ಧಿಯೋರ ಕುರ್ಚಿ ಇಲ್ಯಾಕ್ಲಾ ಬಂತು?”

“ಅಪ್ಪ, ಇದು ಹೊಸದು. ನಿನಗೇ ಅಂತ ಮಾಡಿಸಿದ್ದು.”

“ನನಗೇ ಹೇಳ್ತೀಯಾ? ಉಂಗುರ ಕುಟ್ಟಿದ್ದು ಹಂಗೇ ಐತಲ್ಲೋ!”

ಹಾಲು, ಸುಣ್ಣ, ನಿಂಬೆಹಣ್ಣು, ಸೈಕಲ್ ಚೈನು ಎಲ್ಲವನ್ನೂ ವಿವರಿಸಿದೆ. ಅಪ್ಪ ನನ್ನ ಹಣೆ ಮುಟ್ಟಿ ಜ್ವರ ಇದೆಯೇ ಎಂದು ನೋಡಿದ. ಅವತ್ತಿನಿಂದ ಅವನು ಮುಂಬಾಗಿಲ ಮೆಟ್ಟಿಲ ಮೇಲೂ ಕೂರಲಿಲ್ಲ. ಕುರ್ಚಿ ನಡುಮನೆಯಲ್ಲಿ ಬಾಗಿಲಿಗೆ ಎದುರಾಗಿತ್ತು, ಅದಕ್ಕೆ ಬೆನ್ನು ಮಾಡಿ ಕೂರುವುದು ಹೇಗೆ? ಹಿತ್ತಿಲ ಬಾಗಿಲಿಂದ ಬಂದು ಹಿತ್ತಿಲ ಬಾಗಿಲಿಂದ ಹೋಗತೊಡಗಿದ. ಅಪ್ಪನನ್ನು ಕೂರಿಸಲು ತಂದ ಕುರ್ಚಿ ಅವನನ್ನು ಇದ್ದ ಜಾಗದಿಂದಲೂ ಎಬ್ಬಿಸಿತು. ತಿಂಗಳು ಕಳೆದು ಹಾಲು ಹದಕ್ಕೆ ಬಂದರೆ ಅಪ್ಪನೂ ಹದಕ್ಕೆ ಬಂದಾನು ಎಂದು ನಾನು ಸುಮ್ಮನಾದೆ.

ಈ ನಡುವೆ ಕುರ್ಚಿಯನ್ನು ನಿಜವಾಗಿ ಮೆಚ್ಚಿದ್ದು ಬೀದಿಯ ಬೆಕ್ಕೊಂದೇ. ದಿನಾ ಬಂದು ಅದರ ಕಾಲು ನೆಕ್ಕುತ್ತಿತ್ತು.

ಉಷಾರಾಣಿಯವರು ಬಂದರು. ಬರಲಿ ಎಂದೇ ಮೀನಾಕ್ಷಿ ಎರಡು ಸಲ ಕರೆದಿದ್ದಳು. ಕುರ್ಚಿಯ ಮುಂದೆ ನಿಂತುಬಿಟ್ಟರು.

“ಇದು ಯಾರದು?”

ಇಲ್ಲಿ ನಾನು ನಿಜ ಹೇಳಬಹುದಿತ್ತು. ಆದರೆ ನಿಜ ಹೇಳುವುದಕ್ಕೆ ಯಾರಾದರೂ ಎರಡು ಲೀಟರ್ ಹಾಲು ಖರ್ಚು ಮಾಡುತ್ತಾರೆಯೇ?

“ನಮ್ಮ ತಾತಂದು” ಎಂದೆ.

“ನಿಮ್ಮ ತಾತಂದಾ?” ಎಂದರು. ಕುರ್ಚಿಗೆ ಒಂದು ಸುತ್ತು ಬಂದು, “ಕುರ್ಚಿನಾ?” ಎಂದರು.

ಅವರು ಅಂದೂ ಕಾಫಿ ಕುಡಿಯಲಿಲ್ಲ.

*

ಮುಂದಿನ ಭಾನುವಾರ ಉಷಾರಾಣಿಯವರು ತಮ್ಮ ಚಿಕ್ಕಮ್ಮನ ಮಗನನ್ನು ಕರೆತಂದರು. ಬಾಗಿಲಲ್ಲಿ ನಿಂತವನನ್ನು ನೋಡಿ ನಾನು ಕುರ್ಚಿಗೆ ಅಡ್ಡವಾಗಿ ನಿಂತೆ. ನಮ್ಮೂರಿನ ಇಂದುಧರ, ಪಟೇಲ ಕರಿಬಸವಯ್ಯನವರ ಮೊಮ್ಮಗ. ಅರಸೀಕೆರೆ ಮಂಡಿಯಲ್ಲಿ ಕೊಬ್ಬರಿ ವ್ಯಾಪಾರಿ. ಇವರಿಬ್ಬರೂ ನಂಟರೆಂದು ನನಗೆ ಗೊತ್ತಾದದ್ದು ಆ ಗಳಿಗೆಯಲ್ಲಿ.

“ಏನ್ರೀ ಭೀಮರಾಜ್, ಚೆನ್ನಾಗಿದೀರಾ?” ಎಂದು ಶುರು ಮಾಡಿದ ಇಂದುಧರ. ಕುರ್ಚಿ ನೋಡಿದ ಮೇಲೆ “ಎಲ್ಲಿ ಸಿಕ್ತಪ್ಪಾ ಇದು?” ಎಂದ. ಸೊಂಡಿಲ ಮೇಲಿನ ಗುಳಿ ಸವರಿದ ಮೇಲೆ “ಯಾಕೋ ಭೀಮ, ಕೇಳಿದ್ರೆ ಕೊಡ್ತಿರಲಿಲ್ವೇನೋ?” ಎಂದ. ನಾನು ‘ರೀ’ಯಿಂದ ‘ಯಾಕೋ’ಗೆ ಇಳಿಯಲು ಒಂದೂವರೆ ನಿಮಿಷ ಸಾಕಾಯಿತು. ಹತ್ತಲು ಇಪ್ಪತ್ತು ವರ್ಷ ಹಿಡಿದಿತ್ತು.

“ಆರು ವರ್ಷದ ಹಿಂದೆ ಊರಿನ ಮನೆಯಿಂದ ಕಳುವಾಯ್ತು ಕಣಕ್ಕ. ಅಜ್ಜಿ ಅದೇ ಕೊರಗಲ್ಲಿ ಹೋಗಿದ್ದು” ಎಂದು ಇಂದುಧರ ಕಣ್ಣೊರೆಸಿಕೊಂಡ.

ಅಷ್ಟರಲ್ಲಿ ಎದುರು ಮನೆಯ ಗಿಡ್ಡಯ್ಯನವರು ಬಂದರು. ಪೊಲೀಸಿನಿಂದ ನಿವೃತ್ತರಾದ ದಫೇದಾರರು. ನಿವೃತ್ತರಾಗಿ ಒಂಬತ್ತು ವರ್ಷವಾದರೂ ಜೇಬಿನಲ್ಲಿ ಮಹಜರು ಬರೆಯುವ ಹಾಳೆ ಇಟ್ಟುಕೊಂಡೇ ಓಡಾಡುತ್ತಿದ್ದರು. ಬಡಾವಣೆಯಲ್ಲಿ ಕೋಳಿ ಕಳೆದರೂ ಅವರ ಮಹಜರು ಆಗಲೇಬೇಕು. “ಯಾರೂ ಮುಟ್ಟಬೇಡಿ” ಎಂದು ಮೊದಲು ತಾವು ಮುಟ್ಟಿದರು.

ನಾನು ಕೈ ಮುಗಿದೆ. ಇದು ತಾತನದೂ ಅಲ್ಲ, ಪಟೇಲರದೂ ಅಲ್ಲ, ಹಳೇಬೀಡಿನಲ್ಲಿ ಮಾಡಿಸಿದ ಹೊಸ ಕುರ್ಚಿ ಎಂದೆ.

“ಮೊನ್ನೆ ತಾತಂದು ಅಂದ್ರಿ” ಎಂದರು ಉಷಾರಾಣಿಯವರು.

“ಸುಳ್ಳು ಹೇಳಿದೆ ಮೇಡಂ.”

“ಈಗ ಹೇಳ್ತಿರೋದು?” ಎಂದರು ಗಿಡ್ಡಯ್ಯನವರು, ಪೆನ್ನು ಬಿಚ್ಚುತ್ತಾ.

ಚಾಕು ತಂದು ಕುರ್ಚಿಯ ಕಾಲು ಕೆರೆದೆ. ಒಳಗೆ ಬೆಳ್ಳನೆಯ ಹೊಸ ಸಿಲ್ವರ್ ಓಕ್. “ನೋಡಿ!” ಎಂದೆ. ಇಂದುಧರ ತಲೆದೂಗಿದ. “ಹಳೇ ಕಾಲದ ಮರ ಅಂದ್ರೆ ಇದು. ನೂರು ವರ್ಷ ಆದ್ರೂ ಒಳಗೆ ಹೆಂಗಿದೆ ನೋಡಕ್ಕ!” ಆಗ ಬೆಕ್ಕು ಬಂತು. ಬಂದದ್ದೇ ಕೆರೆದ ಜಾಗವನ್ನು ನೆಕ್ಕಿತು. “ನೋಡಿ, ಹಾಲಿನ ಬಣ್ಣ! ಮೂಸಿ ನೋಡಿ!” ಎಂದು ಕೂಗಿದೆ. ಉಷಾರಾಣಿಯವರು ಮೂಸಿದರು. ಅವರ ಕಣ್ಣು ತುಂಬಿಕೊಂಡಿತು.

“ಹೌದು ಇಂದು, ಹಾಲಿನ ವಾಸನೆ. ಮಠದ ದೊಡ್ಡ ಸ್ವಾಮಿಗಳು ನಿಮ್ಮನೆಗೆ ಬಂದಾಗ ತಾತ ಈ ಕುರ್ಚಿ ಮೇಲೇ ಕೂರಿಸಿ ಹಾಲಲ್ಲಿ ಪಾದಪೂಜೆ ಮಾಡಿದ್ರಂತಲ್ಲ. ಇನ್ನೂ ಹೋಗಿಲ್ಲ ನೋಡು!”

ಎಲ್ಲರೂ ಚಪ್ಪಲಿ ಬಿಟ್ಟು ಬಂದು ನಿಂತರು, ನಾನೂ ಯಾಕೋ ಬಿಟ್ಟೆ.

“ನಿಮ್ಮದು ಸರ್ಕಾರಿ ಕೆಲಸ, ಕಂಪ್ಲೇಂಟ್ ಕೊಟ್ರೆ ಸಸ್ಪೆಂಡ್ ಮೊದಲು, ವಿಚಾರಣೆ ಆಮೇಲೆ” ಎಂದು ಗಿಡ್ಡಯ್ಯನವರು ನನ್ನ ಕಿವಿಯಲ್ಲಿ ಕಾನೂನು ಹೇಳಿದರು. “ಮುಂದಿನ ಭಾನುವಾರದೊಳಗೆ ಆ ಆಚಾರೀನ ಕರ್ಕೊಂಬನ್ನಿ. ಇಲ್ಲಾಂದ್ರೆ ಕುರ್ಚಿ ಕೊಟ್ಟು ಮುಗಿಸಿಕೊಳ್ಳಿ.”

*

ನಾನು ಮೊದಲನೇ ಬಸ್ಸಿಗೇ ಹಳೇಬೀಡಿಗೆ ಓಡಿದೆ. ಕಾಳಾಚಾರಿ ಒಂದು ತೊಟ್ಟಿಲಿಗೆ ಹುಳು ತಿಂದ ತೂತುಗಳನ್ನು ಮೊಳೆಯಿಂದ ಚುಚ್ಚುತ್ತಿದ್ದ. ಎಲ್ಲ ಕೇಳಿ ನಕ್ಕ.

“ಸ್ವಾಮಿ, ನಾನು ಬಂದು ‘ಇದು ಹೊಸದು, ನಾನೇ ಮಾಡಿದ್ದು’ ಅಂತ ಸಾಕ್ಷಿ ಹೇಳಿದ್ರೆ, ಈ ಬೀದೀಲಿರೋ ಹಳೇದೆಲ್ಲ ಒಂದೇ ದಿನಕ್ಕೆ ಹೊಸದಾಗೋಯ್ತದೆ. ನನ್ನ ಹೊಟ್ಟೆ ಮೇಲೆ ಹೊಡೀಬೇಡಿ.”

“ಅಯ್ಯಾ, ಅವರು ಅದು ತಮ್ಮದೇ ಅಂತಿದಾರಲ್ಲ. ಅಷ್ಟು ತದ್ರೂಪು ಹೆಂಗೆ ಬಂತು?”

ಆಚಾರಿ ಮೊಳೆ ಕೆಳಗಿಟ್ಟ. “ಬರದೇ ಏನು? ಅಸಲು ಕುರ್ಚಿ ಆರು ವರ್ಷದ ಹಿಂದೆ ನನ್ನ ಕೈಲೇ ಇತ್ತು. ಬೀಟೆ ಮರದ್ದು. ಇಂದುಧರಪ್ಪನೋರೇ ತಂದು ಮಾರಿದ್ರು. ಅಳತೆ ಬರ್ಕೊಂಡು ಬೆಂಗ್ಳೂರಿನ ಯಾವುದೋ ಹೋಟ್ಲಿಗೆ ಕಳಿಸ್ದೆ. ಅವರ ಮನೇಲಿ ಕಳುವಾಯ್ತು ಅಂತ ಹೇಳವ್ರೆ ಅನ್ನೋದು ನೀವು ಹೇಳಿದ ಮೇಲೇ ಗೊತ್ತಾಗಿದ್ದು.”

“ಇದನ್ನಾದರೂ ಬಂದು ಹೇಳು.”

“ಇದನ್ನ ಹೇಳಿದ್ರೆ ಅದೂ ಹೇಳ್ದಂಗೇ ಆಯ್ತಲ್ಲ ಸ್ವಾಮಿ.” ಮತ್ತೆ ಮೊಳೆ ಕೈಗೆತ್ತಿಕೊಂಡು ಸಮಾಧಾನ ಮಾಡಿದ: “ಬೇಜಾರು ಮಾಡ್ಕಬೇಡಿ. ಮನೆಯೋರೇ ಒಪ್ಕಂಡವ್ರೆ ಅಂದ್ರೆ ಕೆಲಸ ಎಂಗಿರಬೇಕು!”

ಆ ವಾರ ನಾನು ಕಚೇರಿಯಲ್ಲಿ ಕೂತು ಬರೆದ ಫೈಲುಗಳನ್ನು ಈಗಲೂ ಯಾರೋ ತಿದ್ದುತ್ತಿರಬೇಕು.

*

ಭಾನುವಾರ ಬಡಾವಣೆಯೇ ನಮ್ಮ ಮನೆಯಲ್ಲಿತ್ತು. ಗಿಡ್ಡಯ್ಯನವರು ನಮ್ಮದೇ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ‘ಸದರಿ ಕುರ್ಚಿಯು ನಾಲ್ಕು ಕಾಲುಗಳುಳ್ಳದ್ದಾಗಿದ್ದು’ ಎಂದು ಬರೆಯತೊಡಗಿದರು. ಆಚಾರಿ ಹೇಳಿದ್ದನ್ನು ನಾನು ಎಲ್ಲರೆದುರು ಹೇಳಿದೆ. ಇಂದುಧರನ ಮುಖ ಒಂದು ಕ್ಷಣ ಬಿಳುಚಿತು. ನಾನೊಬ್ಬನೇ ನೋಡಿದ್ದು. ಮರುಕ್ಷಣ ಎದೆಯ ಲಿಂಗ ಮುಟ್ಟಿಕೊಂಡ.

“ನಮ್ಮ ತಾತನ ಕುರ್ಚೀನ ನಾನು ಮಾರ್ತೀನಾ? ನಮ್ಮನೆ ಏನು ಮಾರ್ಕೊಂಡು ತಿನ್ನೋ ಮನೆಯಾ?”

ಎಲ್ಲರೂ ನಕ್ಕರು. ತಾತನ ಕುರ್ಚಿ ಮಾರುವುದು ನಂಬುವ ಮಾತೇ? ಅದನ್ನು ನನ್ನಂಥವನ ತಾತ ಇಟ್ಟುಕೊಂಡಿದ್ದ ಎನ್ನುವುದು ನಂಬುವ ಮಾತೇ? ಉಳಿದದ್ದು ಒಂದೇ ಮಾತು, ಅದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ನನ್ನ ಮುಖವನ್ನೂ ನೋಡಲಿಲ್ಲ. ಅಷ್ಟು ಮರ್ಯಾದಸ್ಥರು.

“ಆ ಮುದುಕನ್ನ ಕರೀರಿ” ಎಂದರು ಗಿಡ್ಡಯ್ಯನವರು.

ಅಪ್ಪ ಹಿತ್ತಿಲ ಬಾಗಿಲಿಂದ ಬಂದ. ಟವಲು ಕಂಕುಳಲ್ಲಿತ್ತು. “ಏನೋ ಸಣ್ಣ, ಗುರುತು ಸಿಕ್ತಾ?” ಎಂದ ಮೂವತ್ತೈದು ವರ್ಷದ ಇಂದುಧರ. ಅಪ್ಪ ನನ್ನ ಕಡೆ ನೋಡಿದ. ಬೇಡ ಎಂದು ತಲೆಯಾಡಿಸಿದೆ.

“ಸುಳ್ಳು ಹೇಳಕಾಯ್ತದಾ ಬುದ್ಧಿ? ನಲವತ್ತು ವರ್ಷ ನೋಡಿವ್ನಿ. ಇದು ನಿಮ್ಮದೇಯ” ಎಂದ ಅಪ್ಪ. ಆಮೇಲೆ ಎರಡೂ ಕೈ ಮುಗಿದು, “ಆದ್ರೆ ನನ್ನ ಮಗ ಕದ್ದಿಲ್ಲ ಬುದ್ಧಿ. ಯಾರೋ ಇವನ್ನ ಏಮಾರ್ಸವ್ರೆ. ಓದಿದ್ರೂವೆ ಇವನಿಗೆ ಬುದ್ಧಿ ಕಮ್ಮಿ” ಎಂದ.

ಮಹಜರು ಮುಗಿಯಿತು. ಐದು ಜನ ಪಂಚರು ಸಹಿ ಹಾಕಿದರು, ಆರನೆಯದಾಗಿ ನಾನು. ಇಂದುಧರ ದೊಡ್ಡ ಮನಸ್ಸು ಮಾಡಿ ನನ್ನನ್ನು ಕ್ಷಮಿಸಿದ. ಉಷಾರಾಣಿಯವರು ಮೀನಾಕ್ಷಿಯ ಬೆನ್ನು ಸವರಿ, “ಹೋಗ್ಲಿ ಬಿಡು, ನಿಮಗೆ ಹೊಸದೇ ಚೆನ್ನಾಗಿ ಒಪ್ಪುತ್ತೆ” ಎಂದರು.

ಬಾಗಿಲಲ್ಲಿ ಇಂದುಧರನ ಟೆಂಪೋ ನಿಂತಿತ್ತು. ಅಷ್ಟು ಜನರಲ್ಲಿ ಯಾರೂ ಕುರ್ಚಿ ಎತ್ತಲು ಮುಂದೆ ಬರಲಿಲ್ಲ. “ಸಣ್ಣ, ನೀನೇ ಎತ್ತಪ್ಪ. ನಿಂಗೆ ಅಭ್ಯಾಸ ಇದೆಯಲ್ಲ” ಎಂದ ಇಂದುಧರ. ನಾನು ಅಡ್ಡ ಹೋಗುವಷ್ಟರಲ್ಲಿ ಅಪ್ಪ ಟವಲು ಸುತ್ತಿ ಸಿಂಬಿ ಮಾಡಿ ತಲೆಗಿಟ್ಟು, ಕುರ್ಚಿಯನ್ನು ಎತ್ತಿ ಹೊತ್ತೇಬಿಟ್ಟಿದ್ದ.

ಹೊತ್ತವನು ಎರಡು ಹೆಜ್ಜೆ ಹಾಕಿ ನಿಂತ. ಇಳಿಸಿದ. ಮತ್ತೆ ಎತ್ತಿ ತಲೆಯ ಮೇಲಿಟ್ಟು ಕತ್ತು ಆ ಕಡೆ ಈ ಕಡೆ ಆಡಿಸಿದ.

“ಬುದ್ಧಿ, ಇದು ಅದಲ್ಲ.”

“ಏನೋ ಅದು?”

“ಅದು ಹೊತ್ರೆ ಕತ್ತು ಮುರೀತಿತ್ತು ಬುದ್ಧಿ. ಇದು ಹಗೂರ ಐತೆ. ಇದು ಬುದ್ಧಿಯೋರ ಕುರ್ಚಿ ಅಲ್ಲ.”

ಇಂದುಧರ ಟೆಂಪೋ ಬಾಗಿಲು ಹಿಡಿದುಕೊಂಡು ಹೇಳಿದ: “ನಿಂಗೆ ವಯಸ್ಸಾಯ್ತು ಕಣೋ, ಗೊತ್ತಾಗ್ತಿಲ್ಲ.”

“ವಯಸ್ಸಾದ್ರೆ ಭಾರ ಜಾಸ್ತಿ ಆಗ್ಬೇಕು ಬುದ್ಧಿ, ಕಮ್ಮಿ ಆಗಕಿಲ್ಲ.”

ನಾನು ಗಿಡ್ಡಯ್ಯನವರ ಕಡೆ ತಿರುಗಿ, “ಕೇಳಿದಿರಾ? ಬರ್ಕೊಳಿ ಸಾರ್” ಎಂದೆ. ಅವರು ಹಾಳೆ ಮಡಿಚಿ ಜೇಬಿಗಿಟ್ಟರು. “ಸಹಿ ಆಗಿದೆಯಲ್ರೀ. ಮಹಜರಲ್ಲಿ ತೂಕದ ಕಾಲಂ ಇಲ್ಲ.”

ಇಂದುಧರ ತಾನೇ ಬಂದು, ಅಪ್ಪನ ತಲೆಯ ಮೇಲಿಂದ ಕುರ್ಚಿಯನ್ನು ಒಂದೇ ಕೈಯಲ್ಲಿ ಎತ್ತಿ ಟೆಂಪೋಗೆ ಹಾಕಿದ. ಅಷ್ಟು ಹಗುರವಾಗಿತ್ತು. ಟೆಂಪೋ ಹೋಯಿತು, ಜನ ಹೋದರು. ಬೆಕ್ಕು ಸ್ವಲ್ಪ ದೂರ ಟೆಂಪೋದ ಹಿಂದೆ ಹೋಗಿ ವಾಪಸು ಬಂತು.

ಆ ಕುರ್ಚಿ ಈಗ ಇಂದುಧರನ ಮನೆಯ ನಡುಮನೆಯಲ್ಲಿ ಕೆಂಪು ಶಾಲು ಹೊದ್ದು ಕೂತಿದೆಯಂತೆ. ಸೋಮವಾರ ಅದಕ್ಕೆ ಹೂವು ಇಡುತ್ತಾರಂತೆ. ಮಳೆಗಾಲದಲ್ಲಿ ಹಾಲಿನ ವಾಸನೆ ಹೆಚ್ಚುತ್ತದೆಂದು, ಅದು ದೊಡ್ಡ ಸ್ವಾಮಿಗಳ ಮಹಿಮೆಯೆಂದು ಉಷಾರಾಣಿಯವರೇ ಮೀನಾಕ್ಷಿಗೆ ಹೇಳಿದರು.

ಅವತ್ತು ಎಲ್ಲರೂ ಹೋದ ಮೇಲೆ ಅಪ್ಪ ಸಿಂಬಿ ಬಿಚ್ಚಿ ಟವಲು ಕೊಡವಿ ಹೆಗಲಿಗೆ ಹಾಕಿಕೊಂಡ.

“ನಿಜವಾಗ್ಲೂ ನೀನೇ ಮಾಡ್ಸಿದ್ದೇನ್ಲಾ?”

“ಎಷ್ಟು ಸಲ ಹೇಳಿದೆ ಅಪ್ಪ! ನೀನು ನಂಬಲಿಲ್ಲ.”

“ಎಲ್ರಿಗೂ ತಾತಂದು ತಾತಂದು ಅಂತ ಸುಳ್ಳು ಹೇಳ್ತಿದ್ಯಲ್ಲ. ನಂಗೂ ಸುಳ್ಳೇ ಹೇಳ್ತಿದೀಯ ಅಂದ್ಕಂಡೆ.” ಅಪ್ಪ ನಡುಮನೆಯ ಖಾಲಿ ಜಾಗವನ್ನು ನೋಡಿದ. ಟೈಲ್ಸಿನ ಮೇಲೆ ನಾಲ್ಕು ಬಿಳಿ ಗುರುತು ಉಳಿದಿದ್ದವು. “ಅವರದಲ್ಲ ಅಂತ ಗೊತ್ತಿದ್ರೆ ಒಂದ್ಸಲ ಕೂತ್ಕತಿದ್ದೆ ಕಣ್ಲಾ.”

ಹಾಗೆಂದು ಮುಂಬಾಗಿಲಿಗೆ ಹೋಗಿ, ಮೆಟ್ಟಿಲ ಧೂಳು ಟವಲಿನಿಂದ ಒರೆಸಿ, ತನ್ನ ಜಾಗದಲ್ಲಿ ಕೂತ.